ಎಳೆಯರ ಮಾತಿಗೆ ಕಡತದಲ್ಲಿ ಎಡೆ

ಮಗುವಿನ ಹೆಸರಿನಲ್ಲಿರುವ ಸ್ಥಿರಾಸ್ತಿಯನ್ನು ಅದರ ತಂದೆಯೇ ಆದರೂ ನ್ಯಾಯಾಲಯದ ಅಪ್ಪಣೆಯಿಲ್ಲದೆ ಮಾರುವಂತಿಲ್ಲ, ಅಡವಿಡುವಂತಿಲ್ಲ, ಐದು ವರ್ಷಕ್ಕೆ ಮೀರಿ ಗುತ್ತಿಗೆಗೆ ಕೊಡುವಂತೆಯೂ ಇಲ್ಲ. ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವವನ್ನು ಕುರಿತ 1956ರ ಕಾಯಿದೆ ಇದನ್ನು ಖಚಿತವಾಗಿ ವಿಧಿಸಿದೆ. ಅಪ್ಪಣೆ ಪಡೆಯದೆ ಮಾರಿದ್ದೇ ಆದರೆ, ಮಗು ಬೆಳೆದು ಪ್ರಾಯಕ್ಕೆ ಬಂದ ಮೇಲೆ ಆ ಕ್ರಯಪತ್ರವನ್ನು ರದ್ದುಪಡಿಸಬೇಕೆಂದು ದಾವೆ ಹೂಡಬಹುದು. ಕಾಯಿದೆಯ ಪುಸ್ತಕವನ್ನು ಕಣ್ಣಿನಿಂದ ಕಾಣದವರಿಗೂ ಇದರ ಸಾರ ತಿಳಿದಿರುವುದುಂಟು. ಹತ್ತು ಗುಂಟೆ ನೆಲ ಕೊಳ್ಳಲು ಹೊರಟ ರೈತ ಹಣ ಎಣಿಸುವ ಮೊದಲು, “ಪತ್ರದಲ್ಲಿ ಮೈನರು ಯಾರಾದರೂ ಇದ್ದಾರೆಯೆ?” ಎಂದು ಕೇಳಿಯೇ ಕೇಳುತ್ತಾನೆ.

ಹತ್ತು ಗುಂಟೆ ನೆಲದ ಬಗೆಗೆ ಇಷ್ಟು ಎಚ್ಚರಿಕೆಯುಳ್ಳ ಲೋಕ, ಭೂಮಂಡಲದ ಗಾಳಿ ನೀರುಗಳನ್ನು ವ್ಯವಹಾರಕ್ಕೆ ಹಚ್ಚುವಾಗ ಮೈನರುಗಳನ್ನು ಒಂದು ಮಾತು ಕೇಳುವ ಗೋಜಿಗೆ ಬಹುಕಾಲ ಹೋಗಲಿಲ್ಲ. ಈ ವ್ಯವಹಾರದ ವಾಯಿದೆಯಾದರೋ ಬಹಳ ದೂರದ್ದು. 2021ರ ನವೆಂಬರಿನಲ್ಲಿ ಗ್ಲಾಸ್ಗೊ ನಗರದ ಹವಾಗುಣ ಸಮ್ಮೇಳನದಲ್ಲಿ ಭಾರತ ತನ್ನ ಇಂಗಾಲದ ಲೆಕ್ಕವನ್ನು 2070ರ ಹೊತ್ತಿಗೆ ನಿವ್ವಳ ಶೂನ್ಯಕ್ಕೆ ತರುವುದಾಗಿ ಸಾರಿತು. 2015ರಲ್ಲಿ ಹುಟ್ಟಿದ ಮಗುವಿಗೆ ಆಗ 55 ವರ್ಷ ನಡೆಯುತ್ತಿರುತ್ತದೆ. ಮಾತು ಕೊಟ್ಟ ಹಿರಿಯರಲ್ಲಿ ಅದನ್ನು ಒಪ್ಪಿಸಲು ಆ ಹೊತ್ತಿಗೆ ಉಳಿದಿರುವವರು ಬೆರಳೆಣಿಕೆಯವರು. ಮತದಾನದ ವಯಸ್ಸು 18. ಅದಕ್ಕಿಂತ ಕಿರಿಯರಿಗೆ ಚುನಾವಣೆಯ ದಾರಿಯೂ ಮುಚ್ಚಿದೆ.

ಎಳೆಯರು ಬಾಯಿ ತೆರೆದಿಲ್ಲವೆಂದಲ್ಲ. 1992ರ ಜೂನ್ ತಿಂಗಳಿನಲ್ಲಿ ವಿಶ್ವಸಂಸ್ಥೆ ಬ್ರೆಜಿಲಿನ ರಿಯೊ ಡಿ ಜನೈರೊ ನಗರದಲ್ಲಿ ಕರೆದ ಭೂಶೃಂಗ ಸಭೆಯಲ್ಲಿ ಕೆನಡಾ ದೇಶದ ಸೆವರ್ನ್ ಸುಜುಕಿ ಎಂಬ 12 ವರ್ಷದ ಬಾಲೆ ಮಾತನಾಡಿದಳು. ಅವಳೂ ಅವಳ ಗೆಳತಿಯರೂ ತಾವೇ ಹಣ ಕೂಡಿಸಿಕೊಂಡು ಅಷ್ಟು ದೂರ ಬಂದಿದ್ದರು. ಎದುರಿಗೆ ಕುಳಿತವರು ರಾಜತಂತ್ರಜ್ಞರಾದರೂ ಯಾರೋ ಒಬ್ಬರಿಗೆ ತಂದೆ, ತಾಯಿ, ಸೋದರರೇ ಅಲ್ಲವೆ ಎಂಬ ಧಾಟಿಯಲ್ಲಿ ಆಕೆ ಆಡಿದ ಕೆಲವೇ ನಿಮಿಷಗಳ ಮಾತನ್ನು ಸಭೆ ಮೆಚ್ಚಿತು, ಚಪ್ಪಾಳೆ ತಟ್ಟಿತು. ಆ ಭಾಷಣದ ಚಿತ್ರಣವನ್ನು ಇಂದಿಗೂ ಜಗತ್ತಿನಾದ್ಯಂತ ಜನ ನೋಡುತ್ತಾರೆ. ಆ ಬಾಲೆ ಬೆಳೆದು ಈಗ ಎರಡು ಮಕ್ಕಳ ತಾಯಿ. ಚಪ್ಪಾಳೆಯಲ್ಲಿ ಒಂದು ದೋಷವುಂಟು: ತಟ್ಟಿದವನಿಗೆ ತಾನು ಉತ್ತರ ಕೊಟ್ಟೆನೆಂದೇ ತೋರುತ್ತದೆ.

ಭಾಷಣದ ಕಾಲ ಹಿಂದೆ ಸರಿದು ಈಚೆಗೆ ಎಣಿಕೆಯ ಕಾಲ ಬಂದಿದೆ. ವಿಶ್ವಸಂಸ್ಥೆಯ ಅಭಿವೃದ್ಧಿ ಶಾಖೆ 50 ದೇಶಗಳಲ್ಲಿ ನಡೆಸಿ 2021ರ ಜನವರಿಯಲ್ಲಿ ಪ್ರಕಟಿಸಿದ ಜನಮತದಲ್ಲಿ 12 ಲಕ್ಷ ಮಂದಿ ಪಾಲ್ಗೊಂಡಿದ್ದರು. ಮೊಬೈಲಿನಲ್ಲಿ ಆಟವಾಡುವವರಿಗೆ ನಡುನಡುವೆ ಜಾಹೀರಾತು ಬರುವ ಸ್ಥಳದಲ್ಲಿ ಪ್ರಶ್ನೆಗಳನ್ನು ಒಡ್ಡಿ ಉತ್ತರ ಪಡೆದ ಜಾಣತನ ಮೆಚ್ಚತಕ್ಕದ್ದೇ. ಉತ್ತರಿಸಿದವರಲ್ಲಿ 5 ಲಕ್ಷಕ್ಕೂ ಹೆಚ್ಚು ಮಂದಿ 18ರ ಒಳಗಿನವರು. ಅವರಲ್ಲಿ ಶೇಕಡಾ 69ರಷ್ಟು ಮಂದಿ ಹವಾಗುಣದ ಬದಲಾವಣೆ ತುರ್ತು ಪರಿಸ್ಥಿತಿಯೆಂದು ಬಗೆದರೆ, ಅರವತ್ತು ದಾಟಿದವರಲ್ಲಿ ಹಾಗೆ ಬಗೆದವರು ಶೇಕಡಾ 58. ಅದೇ ವರ್ಷದ ಕೊನೆಯಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯೊಂದು ಇನ್ನೊಂದು ಸಮೀಕ್ಷೆಯನ್ನು ಹೊರತಂದಿತು. ಭಾರತವೂ ಸೇರಿ 10 ದೇಶಗಳ, 16ರಿಂದ 25 ವರ್ಷದ 10,000 ತರುಣರನ್ನು ಕೇಳಿ ಬರೆದ ಲೇಖನವದು. ಶೇಕಡಾ 59ರಷ್ಟು ಮಂದಿಗೆ ಅತಿಯಾದ ಕಳವಳ. ಶೇಕಡಾ 75ರಷ್ಟು ಮಂದಿಗೆ ಭವಿಷ್ಯವೆಂದರೆ ಭಯ. ಈ ಚಿಂತೆಯಿಂದ ದಿನನಿತ್ಯದ ಬಾಳಿಗೇ ಬಾಧೆಯಾಗಿದೆಯೆಂದವರು ಶೇಕಡಾ 45ಕ್ಕೂ ಹೆಚ್ಚು.

ಇಂಥ ಅಂಕಿಗಳು ನಿಷ್ಪ್ರಯೋಜಕವೆನ್ನಲಾಗದು. ಒಬ್ಬ ಹುಡುಗಿ ಅತ್ತರೆ ಅದು ಅವಳ ಸ್ವಭಾವವೆಂದು ತಳ್ಳಿಬಿಡಬಹುದು. ಹತ್ತು ಸಾವಿರ ಮಂದಿಯ ಸ್ವಭಾವ ಒಂದೇ ಬಗೆಯೆಂದು ವಾದಿಸುವುದು ಕಷ್ಟ. ಆದರೆ ಶೇಕಡಾ 59ಕ್ಕೆ ಮುಖವಿಲ್ಲ, ಊರಿಲ್ಲ. ಯಾವ ಹೊಳೆ ಉಕ್ಕಿತು, ಯಾವ ಬಾವಿ ಬತ್ತಿತು ಎಂಬುದು ಅದರಲ್ಲಿ ಇರುವುದಿಲ್ಲ. ಕಳವಳವನ್ನು ಯಾವ ಇಲಾಖೆಯ ಮೇಜಿಗೆ ಕಳುಹಿಸಬೇಕು? ಅದಕ್ಕೆ ಯಾವ ಅಧಿಕಾರಿ ಹಿಂಬರಹ ಕೊಡಬೇಕು? ಇನ್ನೊಂದು ತೊಡಕು ಪ್ರಶ್ನೆ ಮುಟ್ಟುವ ದಾರಿಯದು. ಮೊಬೈಲು, ಅಂತರಜಾಲಗಳ ಮೂಲಕ ಕೇಳಿದ ಪ್ರಶ್ನೆ ಅವೆರಡೂ ಇದ್ದವರಿಗಷ್ಟೇ ಮುಟ್ಟುತ್ತದೆ. ರಾಯಚೂರಿನ ಬಿಸಿಲಿನಲ್ಲಿ ಹತ್ತಿ ಬಿಡಿಸುವ ಹುಡುಗಿಗೆ ಹವಾಗುಣದ ವಿಷಯ ತಿಳಿದಿರುವುದು ತೊಗಲಿನಿಂದ. ಆಟದ ನಡುವಣ ಜಾಹೀರಾತು ಅವಳ ಬಳಿ ಸುಳಿಯುವುದು ಸಂದೇಹ.

ಮಕ್ಕಳ ಹಕ್ಕುಗಳನ್ನು ಕುರಿತ 1989ರ ಅಂತರರಾಷ್ಟ್ರೀಯ ಒಡಂಬಡಿಕೆಯ 12ನೆಯ ವಿಧಿ, ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಕ್ಕಳಿಗುಂಟೆಂದೂ ಅದಕ್ಕೆ ತಕ್ಕ ಬೆಲೆ ಕೊಡಬೇಕೆಂದೂ ಹೇಳುತ್ತದೆ. ಭಾರತ ಇದಕ್ಕೆ 1992ರಲ್ಲಿ ಸಮ್ಮತಿಯಿತ್ತಿತು. ಒಡಂಬಡಿಕೆಯ ಪಾಲನೆಯನ್ನು ನೋಡಿಕೊಳ್ಳುವ ಸಮಿತಿ 2023ರ ಆಗಸ್ಟಿನಲ್ಲಿ ಪರಿಸರ ಹಾಗೂ ಹವಾಗುಣವನ್ನೇ ಕುರಿತು ತನ್ನ 26ನೆಯ ಸಾಮಾನ್ಯ ಅಭಿಪ್ರಾಯವನ್ನು ಹೊರಡಿಸಿತು. ಅದನ್ನು ಬರೆಯುವಾಗ 121 ದೇಶಗಳ ಮಕ್ಕಳಿಂದ 16,331 ಹೇಳಿಕೆಗಳು ಬಂದವು. ಪರಿಸರಕ್ಕೆ ಸಂಬಂಧಿಸಿದ ನಿರ್ಧಾರಗಳಲ್ಲಿ ಮಕ್ಕಳನ್ನು ಕೇಳಬೇಕು, ಯೋಜನೆಗಳಿಗೆ ಮುನ್ನ ಅವು ಮಕ್ಕಳ ಮೇಲೆ ಬೀರುವ ಪರಿಣಾಮವನ್ನು ಅಳೆಯಬೇಕು ಎಂಬುದು ಅದರ ತಾತ್ಪರ್ಯ. ಸರಕಾರಗಳಿಗೆ ಇದು ಮಾರ್ಗದರ್ಶನವೇ ಹೊರತು ಕಟ್ಟಾಜ್ಞೆಯಲ್ಲ. ಆದರೂ ಹೇಳಿದ ಮಾತು ಬರಹವಾಯಿತು. ಬರಹ ಸರಕಾರಗಳ ಕೈಸೇರಿತು. ಇದು ಚಪ್ಪಾಳೆಗಿಂತ ಒಂದು ಮೆಟ್ಟಿಲು ಮೇಲಿನದು.

ಇದಕ್ಕೂ ಮೇಲಿನ ಮೆಟ್ಟಿಲು ಸಾಕ್ಷಿಕಟ್ಟೆ. ಅದನ್ನು ಏರಹೊರಟವರಲ್ಲಿ ಉತ್ತರಾಖಂಡದ ರಿಧಿಮಾ ಪಾಂಡೆ ಒಬ್ಬಳು. ಕೇದಾರದ ಕಡೆ 2013ರಲ್ಲಿ ಬಂದ ಪ್ರವಾಹದ ನೆನಪು ಮಾಸದ ಆ ಬಾಲೆ 2017ರಲ್ಲಿ, ಇನ್ನೂ 9 ವರ್ಷದವಳಾಗಿದ್ದಾಗ, ಸರಕಾರ ಸಾಲದಷ್ಟು ಕ್ರಮ ಕೈಗೊಂಡಿಲ್ಲವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಅರ್ಜಿ ಹಾಕಿದಳು. ಅಂತರರಾಷ್ಟ್ರೀಯ ಒಪ್ಪಂದಗಳ ಆಶಯ ಸರಕಾರದ ನೀತಿಯಲ್ಲಿ ಸೇರಿಲ್ಲವೆಂದು ಭಾವಿಸಲು ಕಾರಣವಿಲ್ಲವೆಂದು ಮಂಡಳಿ 2019ರ ಜನವರಿಯಲ್ಲಿ ಆ ಅರ್ಜಿಯನ್ನು ಮುಗಿಸಿಬಿಟ್ಟಿತು. ಅದೇ ವರ್ಷ ಆಕೆ ನಾನಾ ದೇಶಗಳ ಇತರ 15 ಮಕ್ಕಳೊಡನೆ ಸೇರಿ ಮಕ್ಕಳ ಹಕ್ಕುಗಳ ಸಮಿತಿಯ ಮೊರೆಹೊಕ್ಕಳು. ಮೊದಲು ಆಯಾ ದೇಶದ ನ್ಯಾಯಾಲಯಗಳಿಗೆ ಹೋಗಬೇಕಾಗಿತ್ತೆಂದು ಆ ಸಮಿತಿಯೂ 2021ರಲ್ಲಿ ದೂರನ್ನು ವಿಚಾರಣೆಗೆ ಎತ್ತಿಕೊಳ್ಳದೆ ಬಿಟ್ಟಿತು.

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಮಾತ್ರ ಸಾಕ್ಷಿಕಟ್ಟೆ ನಿಜವಾಗಿ ದೊರೆಯಿತು. ವರ್ತಮಾನದವರಿಗೂ ಮುಂದಿನ ಪೀಳಿಗೆಗೂ ಶುಚಿಯಾದ, ಆರೋಗ್ಯಕರವಾದ ಪರಿಸರವನ್ನು ಕಾಯ್ದುಕೊಡಬೇಕೆಂಬ ಮಾತು ಆ ರಾಜ್ಯದ 1972ರ ಸಂವಿಧಾನದಲ್ಲೇ ಉಂಟು. ಹೀಗಿದ್ದೂ ಪರವಾನಿಗೆ ಕೊಡುವ ಇಲಾಖೆಗಳು ಹಸಿರುಮನೆ ಅನಿಲಗಳ ಪರಿಣಾಮವನ್ನು ಪರಿಶೀಲಿಸಕೂಡದೆಂದು ಅಲ್ಲಿಯ ಶಾಸನಸಭೆ ಕಾಯಿದೆ ಮಾಡಿತ್ತು. 2020ರಲ್ಲಿ 16 ಮಂದಿ ಎಳೆಯರು ದಾವೆ ಹೂಡಿದರು. ಅವರಲ್ಲಿ ಕಿರಿಯ ಕೂಸಿಗೆ 2 ವರ್ಷ, ಹಿರಿಯಳಾದ ರಿಕಿ ಹೆಲ್ಡ್‌ಗೆ 18. ದಾವೆಗೆ ಅವಳ ಹೆಸರೇ ನಿಂತಿತು.

2023ರ ಜೂನ್ ತಿಂಗಳಿನಲ್ಲಿ ಹೆಲೆನಾ ಪಟ್ಟಣದ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ರಿಕಿ ದನ ಸಾಕುವವರ ಮನೆಯ ಮಗಳು. ಅವಳು ಸಿದ್ಧಾಂತವನ್ನು ಹೇಳಲಿಲ್ಲ. ತಮ್ಮ ನೆಲದ ಪಕ್ಕದ ಪೌಡರ್ ನದಿಯ ಸುದ್ದಿ ಹೇಳಿದಳು. ಒಮ್ಮೆ ನೆರೆ, ಒಮ್ಮೆ ಬತ್ತಿದ ಪಾತ್ರ, ಮೇವಿಲ್ಲದ ದನ, ಕಾಡ್ಗಿಚ್ಚಿನ ಹೊಗೆ, ಅಂಗಳಕ್ಕೆ ಉದುರುವ ಬೂದಿ. ಉಬ್ಬಸದ ಬೇನೆಯುಳ್ಳವರು ಆ ಹೊಗೆ ತಮ್ಮ ಎದೆಗೆ ಏನು ಮಾಡಿತೆಂದು ಹೇಳಿದರು. ಇವೆಲ್ಲ ಪ್ರಮಾಣ ಮಾಡಿ ಆಡಿದ ಮಾತುಗಳು. ಪಾಟೀಸವಾಲಿಗೆ ಒಡ್ಡಿಕೊಂಡ ಮಾತುಗಳು. ಎದುರು ಪಕ್ಷದವರು ಅವನ್ನು ಅಲ್ಲಗಳೆಯಬಹುದಾಗಿತ್ತು, ಒಪ್ಪಬಹುದಾಗಿತ್ತು, ಕೇಳಿಸಲಿಲ್ಲವೆಂದು ಎದ್ದುಹೋಗುವಂತಿರಲಿಲ್ಲ. ಆಗಸ್ಟ್ 14ರಂದು ನ್ಯಾಯಾಧೀಶೆ ಕ್ಯಾಥಿ ಸೀಲಿ ಕೊಟ್ಟ ನೂರಕ್ಕೂ ಹೆಚ್ಚು ಪುಟಗಳ ತೀರ್ಪಿನಲ್ಲಿ ಈ ಎಳೆಯರ ಅನುಭವಗಳು ರುಜುವಾತಾದ ಸಂಗತಿಗಳಾಗಿ ದಾಖಲಾದವು. ಆ ಕಾಯಿದೆ ಸಂವಿಧಾನಕ್ಕೆ ವಿರುದ್ಧವೆನಿಸಿತು. ರಾಜ್ಯದ ಸರ್ವೋಚ್ಚ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ಆರು ಮಂದಿ ಒಂದು ಕಡೆ, ಒಬ್ಬರು ಇನ್ನೊಂದು ಕಡೆಯಾಗಿ ಆ ತೀರ್ಪನ್ನು ಎತ್ತಿಹಿಡಿಯಿತು.

ನ್ಯಾಯಾಲಯಕ್ಕೆ ಹೋಗುವ ಶಕ್ತಿ ಎಲ್ಲ ಎಳೆಯರಿಗೂ ಇರುವುದಿಲ್ಲ. ಆದರೆ ತಮ್ಮ ಮಾತನ್ನು ಹಿರಿಯರು ಉತ್ತರಿಸಲೇಬೇಕಾದ ರೂಪದಲ್ಲಿ ಬರೆಯುವುದಕ್ಕೆ ತರಗತಿಯ ಕೋಣೆಯೇ ಸಾಕಾದ ಉದಾಹರಣೆಯೂ ಉಂಟು. ಶಾಂತಸಾಗರದ ವನವಾಟು ದ್ವೀಪರಾಜ್ಯದ ರಾಜಧಾನಿ ಪೋರ್ಟ್ ವಿಲಾದಲ್ಲಿ 2019ರಲ್ಲಿ 27 ಮಂದಿ ಕಾನೂನು ವಿದ್ಯಾರ್ಥಿಗಳು ಪಾಠದ ಭಾಗವಾಗಿಯೇ ಈ ಪ್ರಶ್ನೆಯನ್ನು ಎತ್ತಿಕೊಂಡರು: ಹವಾಗುಣದ ವಿಷಯದಲ್ಲಿ ರಾಷ್ಟ್ರಗಳ ಕರ್ತವ್ಯವೇನೆಂದು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳಿಸಿದರೆ ಹೇಗೆ? 2015ರ ಪಾಮ್ ಚಂಡಮಾರುತದಲ್ಲಿ ನುಚ್ಚುನೂರಾದ ದೇಶವದು. ಅಲ್ಲಿ ಇದು ಬರಿಯ ಪಠ್ಯದ ಪ್ರಶ್ನೆಯಾಗಿರಲಿಲ್ಲ. ಅವರು ದ್ವೀಪರಾಷ್ಟ್ರಗಳ ನಾಯಕರಿಗೆ ಪತ್ರ ಬರೆದರು. ವನವಾಟು ಸರಕಾರ ಒಪ್ಪಿಕೊಂಡಿತು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ಒಮ್ಮತದಿಂದ ಆ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಪ್ಪಿಸಿತು. ಪರೀಕ್ಷೆಯ ಅಂಕಕ್ಕಾಗಿ ಬರೆದ ಉತ್ತರಗಳು ರದ್ದಿಯ ಅಂಗಡಿಗೆ ಹೋಗುವುದನ್ನೇ ಕಂಡ ಅಧ್ಯಾಪಕವರ್ಗಕ್ಕೆ ಇದು ಸೋಜಿಗದ ಸಂಗತಿ.

2024ರ ಡಿಸೆಂಬರಿನ ವಿಚಾರಣೆಯಲ್ಲಿ ಆ ವಿದ್ಯಾರ್ಥಿಗಳಲ್ಲೊಬ್ಬಳಾದ ಸಾಲೊಮನ್ ದ್ವೀಪಗಳ ಸಿಂಥಿಯಾ ಹೌನಿಯುಹಿ ನ್ಯಾಯಮೂರ್ತಿಗಳ ಮುಂದೆಯೇ ನಿಂತು ಮಾತನಾಡಿದಳು. 2025ರ ಜುಲೈ 23ರಂದು ನ್ಯಾಯಾಲಯ ಸರ್ವಾನುಮತದಿಂದ, ಹವಾಗುಣವನ್ನು ಕಾಪಾಡುವುದು ರಾಷ್ಟ್ರಗಳ ಕಾನೂನುಬದ್ಧ ಹೊಣೆಯೆಂದೂ ಅದನ್ನು ಮೀರುವುದು ಅಂತರರಾಷ್ಟ್ರೀಯ ಕಾನೂನಿನ ದೃಷ್ಟಿಯಲ್ಲಿ ತಪ್ಪೆಂದೂ ಅಭಿಪ್ರಾಯವಿತ್ತಿತು. ಇದು ಸಲಹೆಯ ರೂಪದ್ದು, ಜಪ್ತಿ ವಾರಂಟಲ್ಲ. ಅದೇ ವಿಚಾರಣೆಯಲ್ಲಿ ಭಾರತ, ಈಗಿರುವ ಒಪ್ಪಂದಗಳಿಗೆ ಮೀರಿದ ಹೊಸ ಹೊಣೆಗಳನ್ನು ಹೊರಿಸಕೂಡದೆಂದು ವಾದಿಸಿತ್ತು. ಶತಮಾನಗಳ ಕಾಲ ಕಲ್ಲಿದ್ದಲು ಸುಟ್ಟು ಸಿರಿವಂತರಾದವರ ಪಾಲೂ ಬಡರಾಷ್ಟ್ರದ ಪಾಲೂ ಒಂದೇ ಆಗಲಾರದೆಂಬ ವಾದದಲ್ಲಿ ನ್ಯಾಯವಿದೆ. ಆದರೆ ಭಾರತದ ಪರವಾಗಿ ಹಾಗೆ ವಾದಿಸುವಾಗ ಭಾರತದ ಎಳೆಯರು ಏನೆನ್ನುತ್ತಾರೆಂಬುದನ್ನು ಕೇಳಿ ಬರೆದಿಟ್ಟುಕೊಳ್ಳುವುದರಿಂದ ಆ ವಾದದ ಬಲ ಕುಂದಲಾರದು, ಹೆಚ್ಚಬಹುದು.

ಕೇಳಲು ಹೊಸ ವೇದಿಕೆಯನ್ನು ಕಟ್ಟಬೇಕಾದ ಅಗತ್ಯ ಕರ್ನಾಟಕಕ್ಕಂತೂ ಇಲ್ಲ. ಇಲ್ಲಿಯ ಗ್ರಾಮ ಪಂಚಾಯಿತಿಗಳಲ್ಲಿ ಸರಕಾರದ ಆದೇಶದಂತೆ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಮಕ್ಕಳು ಎದ್ದು ನಿಂತು ಅಧ್ಯಕ್ಷರ, ಅಧಿಕಾರಿಗಳ ಎದುರು ತಮ್ಮ ಕುಂದುಕೊರತೆ ಹೇಳುತ್ತಾರೆ. ನಡಾವಳಿ ಪುಸ್ತಕದಲ್ಲಿ ಅದು ದಾಖಲಾಗುತ್ತದೆ. ಕೆಲವೆಡೆ ಇದು ಶಾಸ್ತ್ರಕ್ಕೆ ನಡೆದು ಚಿತ್ರ ತೆಗೆಸಿಕೊಳ್ಳುವುದರಲ್ಲಿ ಮುಗಿಯುತ್ತದೆಂಬುದೂ ಸುಳ್ಳಲ್ಲ. ಮಕ್ಕಳು ಅಲ್ಲಿ ಹವಾಗುಣ ಬದಲಾವಣೆ ಎಂಬ ದೊಡ್ಡ ಮಾತನ್ನು ಆಡುವುದು ಅಪರೂಪ. ಮಲೆನಾಡಿನ, ಕರಾವಳಿಯ ಮಗು ಕಾಲುಸಂಕದ ಮಾತೆತ್ತುತ್ತದೆ. ಕಾಲುಸಂಕದ ಕಷ್ಟ ಹಳೆಯದು, ನಿಜ. ಅಡಿಕೆಮರದ ಆ ಸೇತುವೆಯಿಂದ ಮಕ್ಕಳು ಜಾರಿ ಹಳ್ಳದ ಪಾಲಾದ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದುಂಟು. ಆದರೆ ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲುದು. ಸುರಿಯುವಾಗ ಅದು ಒಮ್ಮೆಲೇ ಸುರಿಯಬಲ್ಲುದು. ಬೆಳಿಗ್ಗೆ ದಾಟಿದ ಹಳ್ಳ ಸಂಜೆ ದಾಟಲಾಗಲಿಲ್ಲವೆಂದು ಮಗು ಹೇಳಿದರೆ ಅದು ಮಳೆಯ ಬಗೆಗಿನ ಸಾಕ್ಷ್ಯವೂ ಹೌದು. ಬರೆದುಕೊಳ್ಳುವವರು ಅದನ್ನು “ಮೂಲಸೌಕರ್ಯದ ಬೇಡಿಕೆ: ಒಂದು” ಎಂದು ಬರೆದರೆ ಹಳ್ಳದ ಹೆಸರೂ ಹೋಯಿತು, ದಿನವೂ ಹೋಯಿತು, ಮಳೆಯೂ ಹೋಯಿತು.

ಬಯಲುಸೀಮೆಯ ಮಾತು ಬೇರೆ. 2023ರಲ್ಲಿ ಸರಕಾರ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿತು. ಅಂಥ ವರ್ಷ ಕೊಡ ಹಿಡಿದು ಸಾಲಿನಲ್ಲಿ ನಿಂತು ಮೊದಲ ಗಂಟೆಯ ಪಾಠ ತಪ್ಪಿಸಿಕೊಂಡ ಹುಡುಗಿ ಶಾಲೆಯ ಹಾಜರಿಪುಸ್ತಕದಲ್ಲಿ ತಡವಾಗಿ ಬಂದವಳು, ಅಷ್ಟೆ. ಏಕೆ ತಡವಾಯಿತೆಂದು ಕೇಳಿ, ಅವಳು ಆಡಿದಂತೆಯೇ, ಅವಳ ಊರಿನ ನುಡಿಯಲ್ಲೇ ಬರೆದುಕೊಂಡರೆ ಕೊಳವೆಬಾವಿ ಬತ್ತಿದ ತಿಂಗಳೂ ಅದರೊಡನೆ ಬರುತ್ತದೆ. ವರ್ಗೀಕರಣ, ಕೋಷ್ಟಕ, ಶೇಕಡಾವಾರು ಇವೆಲ್ಲ ಆಮೇಲಿನ ಕೆಲಸ. ಅದನ್ನು ಮಾಡಬಲ್ಲ ವಿದ್ಯಾವಂತರಿಗೆ ನಾಡಿನಲ್ಲಿ ಕೊರತೆಯಿಲ್ಲ. ಮುಂದಿನ ವರ್ಷದ ಸಭೆಯಲ್ಲಿ ಮೊದಲು ಹಿಂದಿನ ವರ್ಷದ ನಡಾವಳಿಯನ್ನು ಓದಿ, ಒಂದೊಂದು ಮಾತಿಗೂ ಏನು ಮಾಡಲಾಯಿತು, ಏನು ಮಾಡಲಾಗಲಿಲ್ಲ, ಏಕೆ ಎಂದು ಅಧ್ಯಕ್ಷರು ಮಕ್ಕಳ ಎದುರಿನಲ್ಲೇ ಹೇಳಬೇಕು. ಮೊಂಟಾನಾದ ಪಾಟೀಸವಾಲಿಗೆ ಸಮನಾದದ್ದು ಹಳ್ಳಿಯಲ್ಲಿ ಇದೊಂದೇ.

ಇಂಥ ಪುಸ್ತಕಗಳನ್ನು ಹತ್ತು ವರ್ಷದವು ಒಂದು ತಾಲ್ಲೂಕಿನಿಂದ ತರಿಸಿ ಒಟ್ಟಿಗೆ ಓದಿದರೆ ಯಾವ ಹಳ್ಳ ಯಾವ ವರ್ಷ ಉಕ್ಕಿತು, ಯಾವ ಕೆರೆ ಎಷ್ಟು ತಿಂಗಳು ಬರಿದಾಗಿತ್ತು, ಯಾವ ಶಾಲೆಯ ತಗಡಿನ ಕೋಣೆಯಲ್ಲಿ ಏಪ್ರಿಲಿನಲ್ಲಿ ಕೂರಲಾಗಲಿಲ್ಲ ಎಂಬುದರಲ್ಲಿ ಎಷ್ಟೋ ಭಾಗ ಮಕ್ಕಳ ಮಾತಿನಲ್ಲೇ ಸಿಕ್ಕೀತು. ರಾಜ್ಯದ ಹವಾಗುಣ ಯೋಜನೆಯನ್ನು ಬರೆಯಲು ಕುಳಿತವರು ಮೊದಲು ಒಂದು ತಾಲ್ಲೂಕಿನಲ್ಲಿ ಇದನ್ನು ಮಾಡಿ ನೋಡಬಹುದು. ಪುಸ್ತಕಗಳು ಇರುವುದು ಪಂಚಾಯಿತಿ ಕಚೇರಿಯ ಕಪಾಟಿನಲ್ಲಿ.