ಬೀಡಿಗೆ ಸಿಗುವ ಬಿಡುವು ಬೆನ್ನಿಗೇಕಿಲ್ಲ?

“ಮನಸ್ಸು ಗಟ್ಟಿಯಿದ್ದರೆ ಬೀಡಿ ಬಿಡುವುದು ಏನು ಮಹಾ?” ಹೀಗೆ ಬುದ್ಧಿ ಹೇಳುವವರಿಗೆ ನಮ್ಮ ಎಸ್ಟೇಟುಗಳಲ್ಲಿ ಕೊರತೆಯಿಲ್ಲ. ಹೇಳುವವರಲ್ಲಿ ಹೆಚ್ಚಿನವರು ಬೀಡಿಯನ್ನು ತುಟಿಗೆ ಮುಟ್ಟಿಸಿದವರಲ್ಲ. ಬೆಳಗಿನ ಮಂಜಿನಲ್ಲಿ ಗೂಡಲೂರಿನ ಇಳಿಜಾರುಗಳಲ್ಲಿ ಕವಾತು ಕತ್ತಿ ಹಿಡಿದು ನಿಂತವರೂ ಅಲ್ಲ. ನಾನು ಇಪ್ಪತ್ತೆರಡು ವರ್ಷ ಸೇದಿದವನು. ಮೂರು ಸಲ ಬಿಟ್ಟು ಮೂರು ಸಲವೂ ಬಿದ್ದು, ನಾಲ್ಕನೆಯ ಸಲ ನಿಂತವನು. ಆದುದರಿಂದ ನೇರವಾಗಿ ಹೇಳುತ್ತೇನೆ: ಅದು ಸುಳ್ಳು ಬುದ್ಧಿವಾದ. ಅದನ್ನು ಕೇಳಿದವನು ಬಿದ್ದಾಗ ತನ್ನನ್ನೇ ಕೈಲಾಗದವನೆಂದು ನಂಬಿ, ಆ ದುಃಖಕ್ಕೇ ಇನ್ನೊಂದು ಹಚ್ಚುತ್ತಾನೆ.

ಸಹೋದರ ಸಹೋದರಿಯರೇ, ನಾನು ಬಿದ್ದದ್ದು ಎಲ್ಲಿ? ದೊಡ್ಡ ಕಷ್ಟದಲ್ಲಿ ಅಲ್ಲ. ಒಮ್ಮೆ ಬೆಳಗಿನ ಚಹಾದ ಮುಂದೆ. ಒಮ್ಮೆ ಸಂಬಳದ ದಿನ ಅಂಗಡಿಯ ಬಾಗಿಲಲ್ಲಿ. ಒಮ್ಮೆ, ಹೇಳಲು ನಾಚಿಕೆ, ಕಕ್ಕಸಿಗೆ ಹೊರಟಾಗ. ಬೀಡಿಯಿಲ್ಲದೆ ಹೊಟ್ಟೆ ಇಳಿಯದೆಂದು ನಂಬಿದ ಗಂಡಸರು ಎಷ್ಟು ಮಂದಿ ಎಂಬುದು ಪ್ರತಿ ಲೈನಿನ ಹೆಂಗಸರಿಗೂ ಗೊತ್ತು!

ಹೊಗೆಯಲ್ಲಿರುವ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮೆದುಳನ್ನು ಮುಟ್ಟುತ್ತದೆ. ಸುಮಾರು ಎರಡು ಗಂಟೆಗಳಲ್ಲಿ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಆಗ ಮೆದುಳು ಮತ್ತೆ ಕೇಳುತ್ತದೆ. ಬೀಡಿಯಂತೂ ಬಲವಾಗಿ ಎಳೆಯುತ್ತಿರದಿದ್ದರೆ ಆರಿಹೋಗುವಂಥದ್ದು, ಆದ್ದರಿಂದ ಹೊಗೆ ಆಳಕ್ಕೇ ಇಳಿಯುತ್ತದೆ. ವರ್ಷಗಟ್ಟಲೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಸೇದಿದರೆ ಆ ಹೊತ್ತು, ಆ ಜಾಗಗಳೇ ಬೀಡಿ ಕೇಳಲು ಕಲಿಯುತ್ತವೆ. ಬಿಟ್ಟ ಮೊದಲ ಮೂರು ದಿನ ಕಡು ಕಷ್ಟ. ಮೂರು ನಾಲ್ಕು ವಾರಗಳಲ್ಲಿ ಶರೀರ ಬಹುಮಟ್ಟಿಗೆ ಶಾಂತವಾಗುತ್ತದೆ. ಆದರೆ ಚಹಾದ ಲೋಟ ತಿಂಗಳುಗಳಾದ ಮೇಲೂ ಕೇಳುವುದುಂಟು.

ಇದನ್ನು ತಿಳಿದ ಮೇಲೆ ನಾನು ಮನಸ್ಸಿನೊಡನೆ ಜಗಳ ಬಿಟ್ಟು ಹೊತ್ತಿನೊಡನೆ ಜಗಳಕ್ಕಿಳಿದೆ. ಹೊಸ್ತಿಲಲ್ಲಿ ಕುಳಿತು ಚಹಾ ಕುಡಿಯುವುದನ್ನು ಬಿಟ್ಟು, ಮೂರು ವಾರ ಒಲೆಯ ಮುಂದೆ ಗಂಜಿ ಕುಡಿದೆ. ಕಕ್ಕಸಿಗೆ ಮೊದಲು ಎರಡು ಲೋಟ ಬಿಸಿನೀರು. ಸಂಬಳದ ದಿನ ಅಂಗಡಿಗೆ ಹೆಂಡತಿಯೇ ಹೋದಳು. ಬೆಂಕಿಪೊಟ್ಟಣ ಜೇಬಿನಿಂದ ಅಡಿಗೆಮನೆಯ ಗೂಡಿಗೆ ಸೇರಿತು. ಆಸೆ ಎದ್ದರೆ ಅದರ ರಭಸ ಐದಾರು ನಿಮಿಷ. ಅಷ್ಟು ಹೊತ್ತು ಬಾಯಲ್ಲಿ ಒಣ ನೆಲ್ಲಿಕಾಯಿ ಚೂರು.

ಇಷ್ಟೆಲ್ಲ ನನ್ನ ಕೈಯಲ್ಲಿತ್ತು. ತೋಟದ ಹೊತ್ತು ನನ್ನ ಕೈಯಲ್ಲಿರಲಿಲ್ಲ. ಬೀಡಿ ಹಚ್ಚಿದವನು ಐದು ನಿಮಿಷ ಕೂತರೆ ಮೇಸ್ತ್ರಿ ಕಂಡೂ ಕಾಣದಂತೆ ಹೋಗುತ್ತಾನೆ. ಬಿಟ್ಟ ವಾರದಲ್ಲಿ ನಾನು ಸುಮ್ಮನೆ ಕಲ್ಲಿನ ಮೇಲೆ ಕೂತೆ. “ಕೈಯಲ್ಲಿ ಬೀಡಿಯಿಲ್ಲ, ಮತ್ತೇಕೆ ಕೂತಿದ್ದೀ?” ಎಂದ! ಬೀಡಿಗೆ ಬಿಡುವುಂಟು, ಬೆನ್ನಿಗಿಲ್ಲ. ನಮ್ಮ ಹುಡುಗರು ಬೀಡಿ ಕಲಿಯುವುದು ರುಚಿಗೆಂದು ನೀವು ತಿಳಿದಿರುವಿರೋ? ಕುಳಿತುಕೊಳ್ಳಲು ಒಂದು ನೆವ ಬೇಕಲ್ಲ, ಅದಕ್ಕೆ. ಐದು ಗಂಟೆಗಿಂತ ಹೆಚ್ಚು ದುಡಿಸುವ ಮೊದಲು ಅರ್ಧ ಗಂಟೆಯಾದರೂ ವಿರಾಮ ಕೊಡಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿಯೇ ಬರೆದಿತ್ತು. ಆ ಕಾಯಿದೆಯಲ್ಲಿ ಬೀಡಿಯ ಮಾತೇ ಇರಲಿಲ್ಲ. ಬಿಡುವನ್ನು ಬಿಡುವೆಂದೇ ಕೇಳಿ ಪಡೆಯದೆ ನಾವು ಅದನ್ನು ಹೊಗೆಯ ಮರೆಯಲ್ಲಿ ಕದಿಯುತ್ತಿದ್ದೇವೆ. ಬೆಲೆ ತೆರುವುದು ಎದೆಗೂಡು.

ಕೂಲಿ, ಸೋರುವ ಲೈನ್ ಮನೆ, ಇವುಗಳ ಮಧ್ಯೆ ಇದೊಂದು ದೊಡ್ಡ ವಿಷಯವೇ ಎಂದು ಕೆಲವು ಮುಖಂಡರು ನಗಬಹುದು. ಆ ಕೂಲಿಯಿಂದಲೇ ಬೀಡಿಯ ದುಡ್ಡು ಹೋಗುತ್ತದೆ, ಸ್ವಾಮಿ. ಮುಂದಿನ ಬೇಡಿಕೆಪಟ್ಟಿಯಲ್ಲಿ ಎಲೆ ತೂಕದ ಹೊತ್ತಿಗೆ ಹತ್ತು ನಿಮಿಷ, ಕೂರಲು ಒಂದು ಬೆಂಚು, ಕುಡಿಯಲು ಬಿಸಿನೀರು ಎಂದು ಬರೆಯಿರಿ. ಸೇದುವವನಿಗೂ ಸೇದದವನಿಗೂ ಒಂದೇ.

ನಾವು ಕೂಡ ನಿರಪರಾಧಿಗಳಲ್ಲ. ಬಿಟ್ಟವನ ಮುಂದೆ “ಒಂದೇ ಒಂದು, ಏನಾಗುತ್ತೆ?” ಎಂದು ಕಟ್ಟು ಚಾಚುವವರು ನಾವೇ. ಮಗುವನ್ನು ಅಂಗಡಿಗೆ ಅಟ್ಟಿ ಬೀಡಿ ತರಿಸುವವರೂ ನಾವೇ. 18 ತುಂಬದವರಿಗೆ ತಂಬಾಕು ಮಾರುವುದು 2003ರ ಕಾಯಿದೆಯಂತೆ ಅಪರಾಧ. ಎಲೆಯಡಿಕೆಯಲ್ಲಿ ಹೊಗೆಸೊಪ್ಪು ಮಡಿಚಿಕೊಳ್ಳುವ ತಾಯಂದಿರೇ, ಗಂಡನನ್ನು ಬಯ್ಯುವಾಗ ನಿಮ್ಮ ಸೆರಗಿನ ಗಂಟನ್ನೂ ಒಮ್ಮೆ ಮುಟ್ಟಿ ನೋಡಿಕೊಳ್ಳಿರಿ. ಅದರಲ್ಲಿರುವುದೂ ಅದೇ ನಿಕೋಟಿನ್.

ಒಬ್ಬಂಟಿಯಾಗಿ ಆಗದಿದ್ದರೆ 1800-11-2356ಕ್ಕೆ ಫೋನ್ ಮಾಡಿರಿ. ಖರ್ಚಿಲ್ಲ, ಕನ್ನಡದಲ್ಲಿಯೂ ಮಾತನಾಡುತ್ತಾರೆ.

ನಮ್ಮ ಲೈನಿನಲ್ಲಿ ಒಬ್ಬ ತಮ್ಮನು ಬಿಟ್ಟು ಇಂದಿಗೆ ಒಂಬತ್ತು ದಿನ. ನಾಳೆ ತೂಕದ ಹೊತ್ತಿಗೆ ಅವನು ಬರಿಗೈಯಲ್ಲಿ ಕಲ್ಲಿನ ಮೇಲೆ ಕೂರುತ್ತಾನೆ. ಅವನ ಪಕ್ಕದಲ್ಲಿ ನೀವೂ ಬರಿಗೈಯಲ್ಲಿ ಹೋಗಿ ಕೂರಿರಿ. ಮೇಸ್ತ್ರಿ ಕೇಳಿದರೆ, ದಣಿವಾಗಿದೆ ಎನ್ನಿ.