ಪಿನಾಕಿನಿಗೆ ಬೇಕಾದ ಸ್ಥಾವರ, ಜಂಗಮ

ಕೆಲವರಪಳ್ಳಿ ಅಣೆಕಟ್ಟಿನ ಮದಗು ತೆರೆದಾಗ ದಕ್ಷಿಣ ಪಿನಾಕಿನಿಯು ನೊರೆಯಾಗಿ ಹೊರಬೀಳುವ ದೃಶ್ಯ ಹೊಸೂರಿನವರಿಗೆ ಹೊಸದಲ್ಲ. ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ, ನೀರಿನ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ, ವರದಿ ಬರುವಷ್ಟರಲ್ಲಿ ನೊರೆ ಅಡಗಿರುತ್ತದೆ. ಬೆಂಗಳೂರಿನ ಕೊಳಚೆಯೇ ಕಾರಣವೆಂದು ಗಡಿಯ ಈಚೆಯ ದೂರು; ಹೊಸೂರಿನ ಕಾರ್ಖಾನೆಗಳ ಪಾಲೆಷ್ಟು ಎಂಬುದು ಮರುಪ್ರಶ್ನೆ. ಈ ವಾದ ಮುಗಿಯದಿರುವುದಕ್ಕೆ ರಾಜಕೀಯವಷ್ಟೇ ಅಲ್ಲ, ನಾವು ಅಳೆಯುವ ಕ್ರಮವೂ ಕಾರಣವೆಂಬುದು ನನ್ನ ಅಭಿಪ್ರಾಯ.

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ನದಿ ಹೊಸಕೋಟೆಯನ್ನು ಹಾದು, ಬೆಳ್ಳಂದೂರು, ವರ್ತೂರು ಕೆರೆಗಳ ನೀರನ್ನು ಕೂಡಿಸಿಕೊಂಡು ತಮಿಳುನಾಡನ್ನು ಹೊಗುತ್ತದೆ. ಮಾರ್ಜಕಗಳು ಬೆರೆತ ನೀರು ಮದಗಿನಲ್ಲಿ ಧುಮುಕಿ ಕಲಕಿದಾಗ ನೊರೆಯೇಳುತ್ತದೆ. ನೊರೆಯಿಲ್ಲದ ದಿನ ನೀರು ಶುದ್ಧವೆಂದು ಇದರಿಂದ ತಿಳಿಯಲಾಗದು.

ವಚನಗಳನ್ನು ಓದುವ ನಮಗೆ ಸ್ಥಾವರ, ಜಂಗಮ ಎಂಬ ಪದಗಳು ಪರಿಚಿತ. ಅಲ್ಲಿ ಜಂಗಮಕ್ಕೇ ಹಿರಿಮೆ. ನದಿಯ ವಿಷಯದಲ್ಲಿ ನಾನು ಹಾಗೆ ಹೇಳಲಾರೆ. ಗಡಿಯಲ್ಲಿ ನೆಟ್ಟ ಸ್ಥಿರ ಸಂವೇದಕವು ಹಗಲಿರುಳೂ ಕರಗಿದ ಆಮ್ಲಜನಕ, ಆಮ್ಲೀಯತೆ, ವಿದ್ಯುತ್ ವಾಹಕತೆಗಳನ್ನು ದಾಖಲಿಸಬಲ್ಲುದು. ನಡುರಾತ್ರಿ ಯಾರೋ ತ್ಯಾಜ್ಯವನ್ನು ಹರಿಯಬಿಟ್ಟರೆ ಆ ಗಳಿಗೆಯನ್ನು ಅದು ಹಿಡಿಯುತ್ತದೆ. ಎಲ್ಲಿಂದ ಬಿಟ್ಟರೆಂಬುದನ್ನು ಹೇಳದು. ದೋಣಿಯಲ್ಲಿ ಸಾಗುತ್ತ ಪ್ರತಿಯೊಂದು ತೊರೆಯ ಬಾಯಲ್ಲಿ ಅಳೆಯುವ ಚರ ಸಂವೇದಕ ಸ್ಥಳವನ್ನು ತೋರಿಸುತ್ತದೆ, ಆದರೆ ತಾನು ಹಾದುಹೋದ ಹೊತ್ತಿನದನ್ನು ಮಾತ್ರ. ಇನ್ನೊಂದು ಸೂಕ್ಷ್ಮವುಂಟು. ಅಗ್ಗದ ಚರ ಉಪಕರಣಗಳ ಅಳತೆ ಬರಬರುತ್ತ ದಾರಿತಪ್ಪುತ್ತದೆ. ಸುಸ್ಥಿತಿಯಲ್ಲಿರುವ ಸ್ಥಿರ ಕೇಂದ್ರದ ಬಳಿಗೆ ಬಂದಾಗಲೆಲ್ಲ ಅದರೊಡನೆ ಹೋಲಿಸಿ ತಿದ್ದಿಕೊಳ್ಳಬೇಕು. ಅಮೆರಿಕದ ಓಕ್‌ಲ್ಯಾಂಡ್ ನಗರದಲ್ಲಿ ಗೂಗಲ್‌ನ ಎರಡು ಕಾರುಗಳು 2015-16ರಲ್ಲಿ ಬೀದಿ ಬೀದಿ ಸುತ್ತಿ ಗಾಳಿಯನ್ನು ಅಳೆದಾಗ, ಒಂದೇ ಬೀದಿಯೊಳಗೂ ಮಾಲಿನ್ಯದ ದೊಡ್ಡ ಏರಿಳಿತ ಕಂಡಿತು. ಒಂದು ಕಂಬದ ಮೇಲಿನ ಯಂತ್ರಕ್ಕೆ ಅದು ಎಂದಿಗೂ ಕಾಣುತ್ತಿರಲಿಲ್ಲ.

ಖರ್ಚಿನ ಆಕ್ಷೇಪ ಬರುವುದು ಸಹಜ. ಕೊಳಚೆ ನೀರಿನಲ್ಲಿ ಮುಳುಗಿದ ಸಂವೇದಕಕ್ಕೆ ಪಾಚಿ, ಲೋಳೆ ಮೆತ್ತಿಕೊಳ್ಳುತ್ತದೆ. ಆಗಾಗ ತೊಳೆಯುವ ಕೈ ಇಲ್ಲದಿದ್ದರೆ ಯಂತ್ರ ಸುಳ್ಳು ಹೇಳುತ್ತದೆ. ಆದ್ದರಿಂದ ಕೊಳ್ಳುವ ಹಣಕ್ಕಿಂತ ಕಾಯುವ ಹಣವನ್ನು ಮೊದಲು ತೆಗೆದಿಡಬೇಕು. ಎರಡೂ ರಾಜ್ಯಗಳ ಮಾಲಿನ್ಯ ನಿಯಂತ್ರಣ ಮಂಡಳಿಗಳು ಒಂದೇ ದೋಣಿಯಲ್ಲಿ ಕುಳಿತು ಅಳೆಯಲಿ. ಆಗ ಅಂಕಿಗಳ ಮೇಲೆ ಜಗಳವಿರದು.

ಆ ಅಂಕಿಗಳು ಇಂಗ್ಲಿಷಿನ ಕಡತದಲ್ಲಿ ಉಳಿಯುವುದೂ ಬೇಡ. ಸ್ನಾನಯೋಗ್ಯ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕವಿರಬೇಕು. ಅದರ ಪಕ್ಕದಲ್ಲಿ ಇಂದಿನ ಅಳತೆಯನ್ನು ತಮಿಳು, ಕನ್ನಡ, ತೆಲುಗುಗಳಲ್ಲಿ ಬರೆದ ಒಂದು ಹಲಗೆ ಮದಗಿನ ಬಳಿ ನಿಲ್ಲಲಿ. ಕನ್ನಡದ ಸಾಲನ್ನು ಬರೆದುಕೊಡಲು ನಮ್ಮ ತರಗತಿಯಲ್ಲೇ ಜನರಿದ್ದಾರೆ.