ಲಾಕ್ ಆಯ್ತು ಅಂದ್ರೆ ಸಾಕಾ?

ಅಮೆರಿಕದಲ್ಲಿ ಕಾರಿನ ಹಿಂದೆ ಟ್ರೇಲರ್ ಕಟ್ಟೋ ಹಿಚ್ ಬಾಲ್ ಮುಖ್ಯವಾಗಿ ಮೂರು ಸೈಜಲ್ಲಿ ಬರುತ್ತೆ: 1-7/8, 2, 2-5/16 ಇಂಚು. ಟ್ರೇಲರ್ ಕಡೆಯ ಕಪ್ಲರ್ ಕೂಡ ಅದೇ ಸೈಜಿರಬೇಕು. ಬಾಲ್ ದೊಡ್ಡದಾದ್ರೆ ಭಯವಿಲ್ಲ, ಒಳಗೇ ಹೋಗಲ್ಲ. ಚಿಕ್ಕದಾದ್ರೆ? ಆರಾಮಾಗಿ ಕೂರುತ್ತೆ, ಲ್ಯಾಚೂ ಬೀಳಬಹುದು. ಆಮೇಲೆ ಯಾವುದೋ ಹಂಪ್‌ನಲ್ಲಿ ಕಳಚಿಕೊಳ್ಳುತ್ತೆ. 2 ಇಂಚಿಗೂ 2-5/16ಕ್ಕೂ ವ್ಯತ್ಯಾಸ ಸುಮಾರು 8 ಮಿ.ಮೀ. ಅಷ್ಟೇ, ಕಣ್ಣಿಗೆ ಗೊತ್ತಾಗಲ್ಲ.

ಇದನ್ನ ‘ಡ್ರೈವರ್ ತಪ್ಪು’ ಅಂದು ಕೈ ತೊಳೆದುಕೊಳ್ಳೋದು ನನಗೆ ಒಪ್ಪಿಗೆ ಇಲ್ಲ. ಸೈಜ್ ಬಾಲ್ ಮೇಲೇ ಒತ್ತಿರುತ್ತೆ ನಿಜ, ಗ್ರೀಸ್ ಮೆತ್ತಿದ ಮೇಲೆ ಯಾರು ಓದ್ತಾರೆ? ಜುಜುಬಿ ಸಿಮ್ ಕಾರ್ಡಿಗೂ ಉಲ್ಟಾ ಹೋಗಬಾರದು ಅಂತ ಒಂದು ಮೂಲೆ ಕತ್ತರಿಸಿದ್ದಾರೆ. ಟನ್‌ಗಟ್ಟಲೆ ಎಳೆಯೋ ಕಪ್ಲರ್ ಮಾತ್ರ ತಪ್ಪು ಬಾಲಿಗೂ ‘ಕ್ಲಿಕ್’ ಅನ್ನುತ್ತೆ! ಅಲ್ಲಿವರೆಗೆ ಉಳಿದಿರೋದು ಒಂದೇ: ಲ್ಯಾಚ್ ಹಾಕಿ, ಜ್ಯಾಕಿಂದ ಕಪ್ಲರ್ ಎತ್ತಿ ನೋಡೋದು. ಜೊತೆಗೆ ಕಾರಿನ ಹಿಂಭಾಗವೂ ಏಳಬೇಕು.